ತೂಕದ ಮನೆ, ರಾತ್ರಿ ಪಾಳಿ

ಎರಡೂಕಾಲಿಗೆ ಪ್ರಿಂಟರು ನಿಂತಿತು.
ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನಿಂದ ನಾಲೆ ಏರಿಯ ತನಕ,
ಮೊದಲನೆಯದು ತೂಕದ ಹಲಗೆಯ ಮೇಲೆ,
ಚೀಟಿ ಇಲ್ಲ.
ಮಂಡ್ಯದ ಜನವರಿ. ಮಂಜಿಗೂ ಕಾಕಂಬಿಯ ವಾಸನೆ.
ಕಿಟಕಿಯಲ್ಲಿ ಮೊದಲು ಶಿವನಂಜಪ್ಪನ ಮಫ್ಲರು, ಆಮೇಲೆ ಮುಖ:
"ಅದ್ಯಾವ್ದೋ ಕಾವಲು ಹಾಕಿದ್ದೀಯಲ್ಲ ತಾಯಿ,
ಆಫ್ ಮಾಡ್ಬುಡು ಅದ್ನ. ಬೆಳಿಗ್ಗೆ ನೋಡ್ಕಳನ."

ಒಂದೇ ಸಾಲು ಸಾಕು. ಕೊನೆಗೊಂದು ಸೊನ್ನೆ ಒತ್ತಿದರೆ
ಕಾವಲುಗಾರ ಕುರ್ಚಿ ಬಿಟ್ಟೇನೂ ಹೋಗುವುದಿಲ್ಲ.
ಯಾರು ಬಂದರು, ಏನು ಮುಟ್ಟಿದರು, ಬರೆದುಕೊಳ್ಳುತ್ತಾನೆ,
ಕೈ ಮಾತ್ರ ಅಡ್ಡ ಹಿಡಿಯುವುದಿಲ್ಲ.
ನಮ್ಮೂರಲ್ಲಿ ಅಂಥವರಿಗೆ ಒಳ್ಳೆಯ ಮನುಷ್ಯ ಅನ್ನುತ್ತಾರೆ.

ಆರು ತಿಂಗಳು ಕೂತು ಅಂಟಿಸಿದ್ದೇನೆ ಈ ಹಣೆಪಟ್ಟಿಗಳನ್ನ:
ತೂಗುವವನಿಗೊಂದು, ಅಚ್ಚು ಹಾಕುವವನಿಗೊಂದು,
ಬಟವಾಡೆ ಪುಸ್ತಕಕ್ಕೆ ಅದರದೇ ಒಂದು.
ಯಾರು ಯಾವುದನ್ನು ಮುಟ್ಟಬಹುದು,
ಬರೆದದ್ದಷ್ಟೇ ಉಂಟು. ಬರೆಯದೆ ಬಿಟ್ಟದ್ದೆಲ್ಲ ಇಲ್ಲ.
ಕೇಳುವವನು ರೂಟ್ ಆದರೂ ಇಲ್ಲ.
ಯಜಮಾನ ಬಂದನೆಂದು ಎದ್ದು ನಿಲ್ಲುವ ಅಭ್ಯಾಸ
ಈ ಕಾವಲುಗಾರನಿಗಿಲ್ಲ.

ಇದನ್ನು ಮೈಸೂರಿನ ಕಾಲೇಜಿನಲ್ಲಿ ಕಲಿತೆ ಅಂದುಕೊಂಡಿದ್ದೆ.
ಅಲ್ಲ.
ನಮ್ಮ ದೊಡ್ಡಪ್ಪ ಹೊಂಬಾಳಯ್ಯ ನೀರಗಂಟಿ.
ಏಳನೇ ತೂಬಿನ ಕೀಲಿ ಅವನ ಉಡಿದಾರದಲ್ಲಿ,
ಮೀಯುವಾಗಲೂ ಬಿಚ್ಚುತ್ತಿರಲಿಲ್ಲ.
ಅದೇ ತೂಬಿನ ಕೆಳಗೆ ಅವನದೇ ಹದಿನೆಂಟು ಗುಂಟೆ;
ಸರದಿ ಗುರುವಾರ.
ಒಂದು ಮಂಗಳವಾರ, ನಾಟಿ ಬಾಡಿದ್ದು ಕಂಡು ದೊಡ್ಡಮ್ಮ
"ಕೀಲಿ ನಿನ್ ಸೊಂಟದಲ್ಲೇ ಐತಲ್ಲ" ಅಂದಳು.
ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.
"ಸೊಂಟ ನಂದು ಕಣೆ. ಕೀಲಿ ನಂದಲ್ಲ."
ಅವತ್ತು ಮುದ್ದೆಗೆ ಎಸರಿಡಲಿಲ್ಲ ಅವಳು.
ಗುರುವಾರ ನೀರು ಬಂತು.
ಶುಕ್ರವಾರ ಉಪ್ಸಾರು.

ಲಾಗ್ ತೆರೆದೆ.
ಒಂದು ಸಾಲು, ಮತ್ತೆ ಅದೇ ಸಾಲು, ಸೆಕೆಂಡಿಗೆ ಮೂರು ಸಲ
ನಿರಾಕರಿಸಲಾಗಿದೆ ನಿರಾಕರಿಸಲಾಗಿದೆ ನಿರಾಕರಿಸಲಾಗಿದೆ.
ಯಾರಿಗೆ? ಅಚ್ಚು ಹಾಕುವವನಿಗೆ.
ಏನು ಮಾಡಲು? ತಿದ್ದಲು.
ಎಲ್ಲಿ?
ಟೀ ಲೋಟ ತುಟಿಯ ಹತ್ತಿರವೇ ನಿಂತಿತು.
ಬಟವಾಡೆ ಪುಸ್ತಕದಲ್ಲಿ.

ಚೀಟಿ ಹರಿದು ಕೊಡುವವನಿಗೆ
ದುಡ್ಡಿನ ಪುಟದಲ್ಲೇನು ಕೆಲಸ?
ಸಂಜೆ ಆರಕ್ಕೆ ಪೆನ್ ಡ್ರೈವ್ ಹಿಡಿದು ಬಂದಿದ್ದ
ಕಂಪನಿ ಕಡೆಯ ಹುಡುಗ. ಹೊಸ ಅಪ್‌ಡೇಟು ಮೇಡಂ, ಅಂದ.
ಹೋಗುವಾಗ ಎರಡು ಏಲಕ್ಕಿ ಬಾಳೆಹಣ್ಣು ಇಟ್ಟು ಹೋದ.
ಮೋಸವೋ ಮರೆವೋ ನನಗೆ ಗೊತ್ತಿಲ್ಲ.
ಕಾವಲಿನವನಿಗೂ ಗೊತ್ತಿಲ್ಲ, ಅವನಿಗದು ಬೇಕಾಗಿಯೂ ಇಲ್ಲ.
ಕಳ್ಳ ಅಂತ ಕೂಗಲಿಲ್ಲ ಅವನು.
ಇಲ್ಲ ಅಂದ, ಅಷ್ಟೆ.
ಇಲ್ಲ ಅನ್ನುತ್ತಲೇ ಇದ್ದ, ನಾನು ತೂಕಡಿಸುತ್ತಿದ್ದಾಗಲೂ.

"ಇನ್ನೂ ಎಷ್ಟೊತ್ತವ್ವಾ?" ಮಫ್ಲರು ಮತ್ತೆ.
ಬೀರುವಿನ ತಳದಿಂದ ಹಳೆಯ ರಸೀತಿ ಪುಸ್ತಕ ಎಳೆದೆ,
ಎರಡು ಕಾರ್ಬನ್ ಹಾಳೆ, ಇಲಿ ಮೂಲೆ ತಿಂದದ್ದು.
ತೂಗುವವನು ಪಾಪ ತೂಗುತ್ತಲೇ ಇದ್ದಾನೆ:
ಗೋಡೆಯ ಮೇಲೆ ಕೆಂಪು ಅಂಕಿ, ಹದಿನಾಲ್ಕು ಮುನ್ನೂರ ಎಂಬತ್ತು.
ಕೈಯಲ್ಲೇ ಬರೆದೆ. ಮುಂದಿನದು. ಮುಂದಿನದು.
ಶಿವನಂಜಪ್ಪ ಬೈಯುತ್ತಲೇ ಟಾರ್ಚು ಹಿಡಿದ,
ಬೈಯುತ್ತಲೇ ಗಾಡಿ ನಂಬರು ಓದಿ ಹೇಳಿದ.

ಒಂಬತ್ತನೆಯವನು ಕಿಟಕಿಗೆ ಬಾಗಿದ,
ಕಂಬಳಿಯೊಳಗಿಂದ ಅರ್ಧ ನಗು:
"ಪೆನ್ನು ನಿನ್ ಕೈಯಲ್ಲೇ ಐತೆ ಕಣವ್ವ,
ಒಂದು ಕ್ವಿಂಟಾಲ್ ಮುಂದಾಗೇ ಬರಿ."
ನಾನೂ ನಕ್ಕೆ. ಗೋಡೆ ನೋಡಿದೆ. ಅಂಕಿ ಬರೆದೆ.
ಅವನು ಬೇಜಾರು ಮಾಡಿಕೊಳ್ಳಲಿಲ್ಲ.
ಊರು ಕೇಳಿದೆ.
ಅವನೂ ಏಳನೇ ತೂಬಿನವನೇ.

ಆರು ಗಂಟೆಗೆ ನಲವತ್ತೊಂದನೆಯ ಗಾಡಿ ಇಳಿಯಿತು.
ನನ್ನ ಬೆರಳಿಗೆ ಕಾರ್ಬನ್ನಿನ ನೀಲಿ.
ಪರದೆಯ ಮೇಲೆ ಅದೇ ಸಾಲು ಇಳಿಯುತ್ತಲೇ ಇತ್ತು.
ಬಾಳೆಹಣ್ಣು ಹಾಗೇ ಇದ್ದವು.
ಮುಟ್ಟಲಿಲ್ಲ.